ಎಡ ಮೊಣಕೈ

ತೊರೆಯ ಮೇಲಿನ ಮರದ ಸೇತುವೆ ದಾಟುವಾಗ ಅವನ ಎಡ ಮೊಣಕೈಯನ್ನು ಯಾರೋ ಮೆಲ್ಲಗೆ ಒತ್ತಿದಂತಾಯಿತು. ಒಂದೇ ಸಲ. ಅವನು ತಿರುಗಿ ನೋಡಲಿಲ್ಲ. ತಿರುಗಿದರೆ ಅಲ್ಲಿ ಯಾರೂ ಇರುವುದಿಲ್ಲವೆಂದು ಗೊತ್ತಿತ್ತು. ಗೊತ್ತಿರುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಬೆಳಿಗ್ಗೆಯಿಂದ ತನ್ನ ಎಡಗಡೆಯನ್ನು ತಪ್ಪಿಸಿಕೊಂಡೇ ಬಂದಿದ್ದ. ಬಸ್ಸಿನಲ್ಲಿ ಕೂಡ ಎಡಕ್ಕೆ ಕಿಟಕಿ ಬರುವ ಹಾಗೆ ಕೂತಿದ್ದ, ಕಿಟಕಿಯ ಆಚೆ ಯಾರೂ ಕೂರಲಾರರಲ್ಲ. ಈಗ ಸೇತುವೆಯ ಮೇಲೆ ಎಡಕ್ಕಿದ್ದದ್ದು ಒಂದು ಹಗ್ಗದ ಕಟಾಂಜನ, ಅದರ ಕೆಳಗೆ ನೀರು. ಒಂದು ಸಲ ಒತ್ತಿದರೆ ಎಡಕ್ಕೆ, ಎರಡು ಸಲ ಒತ್ತಿದರೆ ಬಲಕ್ಕೆ, ತೋಳು ಹಿಡಿದುಕೊಂಡೇ ಇದ್ದರೆ ಎದುರಿಗೆ. ಅವನು ದುರ್ಬೀನನ್ನು ಎಡಕ್ಕೆ ತಿರುಗಿಸಿದ. ನೀರಿನ ನಡುವಿನ ಬಂಡೆಯ ಮೇಲೆ ಬಾಲ ಕುಣಿಸುತ್ತ ನಿಂತಿತ್ತು ಹಕ್ಕಿ. “ಸಿಪಿಲೆ,” ಅಂದ. ಹಿಂದಿನಿಂದ ಮ್ಯಾನೇಜರು “ಹೌದು ಹೌದು” ಅಂದರು. ಬೇಕರಿಯವನು “ಕಿವಿ ಅಂದ್ರೆ ಕನ್ನಡಕದವರದ್ದು ಬಿಡಿ, ಈ ನೀರಿನ ಗದ್ದಲದಲ್ಲೂ!” ಅಂದ. ಆ ಹೊಗಳಿಕೆ ಹೊಟ್ಟೆಗೆ ಇಳಿಯುವ ತನಕ ಅವನು ಸೇತುವೆಯ ಮೇಲೆಯೇ ನಿಂತಿದ್ದ. ಆಮೇಲೆ ನಡೆದ.

ಪ್ರತಿ ವರ್ಷ ವಸಂತದ ಮೊದಲ ವಾರಗಳಲ್ಲಿ ಒಂದು ಭಾನುವಾರ ಹಕ್ಕಿ ನೋಡುವ ಈ ಗುಂಪಿಗೆ ಇದೇ ದಾರಿ. ಬಸ್ಸು ಇಳಿದು ತೊರೆ, ತೊರೆ ದಾಟಿದರೆ ಕಲ್ಲುಗೋಡೆಗಳ ನಡುವಿನ ಹುಲ್ಲುಗಾವಲು, ಆಮೇಲೆ ಪೈನ್ ಕಾಡು, ಕಾಡು ಮುಗಿದ ಮೇಲೆ ಜೌಗು, ಕೊನೆಗೆ ಗಾಳಿಯಲ್ಲದೆ ಮತ್ತೇನೂ ನಿಲ್ಲದ ಬೋಳು ಗುಡ್ಡ. ಗುಡ್ಡದ ಮೇಲೆ ಕಲ್ಲುಗಳ ಸಂದಿಯಲ್ಲಿ ಗೂಡು ಕಟ್ಟುವ ಒಂದು ಸಣ್ಣ ಹಕ್ಕಿಗಾಗಿಯೇ ಇಷ್ಟೆಲ್ಲ ನಡೆಯುವುದು. ಅದರ ದನಿ ಎಷ್ಟು ಸಣ್ಣ, ಎಷ್ಟು ಮೊನಚು ಅಂದರೆ ಅವನ ಹೆಂಡತಿ ಅದಕ್ಕೆ ಸೂಜಿಹಕ್ಕಿ ಅಂತ ಹೆಸರಿಟ್ಟಿದ್ದಳು. ಈಗ ಗುಂಪಿನವರೆಲ್ಲ ಹಾಗೆಯೇ ಕರೆಯುತ್ತಾರೆ. ಆ ದನಿಯನ್ನು ಅವನು ಕೊನೆಯ ಬಾರಿ ಕೇಳಿದ್ದು ಯಾವಾಗ? ನೆನಪಿಗೆ ಬರುವುದಿಲ್ಲ. ಕಣ್ಣು ಮಂಜಾದರೆ ಗೊತ್ತಾಗುತ್ತದೆ, ಅಕ್ಷರ ಕಲಸಿಹೋಗುತ್ತದೆ. ಕಿವಿ ಹಾಗಲ್ಲ, ದಪ್ಪ ದನಿ ಇನ್ನೂ ಕೇಳಿಸುತ್ತಿರುವಾಗಲೇ ಸಣ್ಣ ದನಿ ಹೋಗಿಬಿಟ್ಟಿರುತ್ತದೆ. ಕೇಳಿಸದೆ ಹೋದದ್ದು ಕೇಳಿಸಲಿಲ್ಲವೆಂದು ಗೊತ್ತಾಗುವುದಾದರೂ ಹೇಗೆ? ಅಡುಗೆಮನೆಯಲ್ಲಿ ಕೆಟಲ್ಲು ಸಿಳ್ಳೆ ಹಾಕುವುದನ್ನು ನಿಲ್ಲಿಸಿತು, ಕೆಟ್ಟಿರಬೇಕು ಅಂದುಕೊಂಡ. ತನ್ನ ಕನ್ನಡಕದ ಅಂಗಡಿಯ ಬಾಗಿಲಿನ ಗಂಟೆ ಕೆಟ್ಟಿತು ಅಂದುಕೊಂಡು ರಿಪೇರಿಯವನನ್ನು ಕರೆಸಿದ. ಅವನು ಗಂಟೆಯನ್ನೂ ನೋಡಿದ, ಇವನ ಮುಖವನ್ನೂ ನೋಡಿದ, “ಸರಿ ಇದೆಯಲ್ಲ ಸಾರ್” ಅಂದು ಕಾಸು ಕೂಡ ಕೇಳದೆ ಹೋದ. ಆ ಮರುಕವಿತ್ತಲ್ಲ, ಅದು ಮೈ ಉರಿಸಿತ್ತು.

“ಭಾವ, ಟೀ,” ಅಂದಳು ನಾದಿನಿ. ಅವಳ ಬಾಯಿ ಅಲ್ಲಾಡಿದ್ದರಿಂದ ಮತ್ತು ಕೈಯಲ್ಲಿ ಫ್ಲಾಸ್ಕ್ ಇದ್ದದ್ದರಿಂದ ಹಾಗಂದಳೆಂದು ಗೊತ್ತಾಯಿತು. ಹುಲ್ಲುಗಾವಲಿನ ಕಲ್ಲುಗೋಡೆಗೆ ಒರಗಿ ಎಲ್ಲರೂ ನಿಂತಿದ್ದರು. ಹೆಂಡತಿಯ ತಂಗಿ ಇವಳು, ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂರುವವಳು. ಮಾತು ಕೂಡ ಠಸ್ಸೆ ಒತ್ತಿದ ಹಾಗೆ, ಒಂದು ಪದ, ಆಮೇಲೆ ಮುಂದಿನವರು. ಹಕ್ಕಿಗಳ ಹುಚ್ಚು ಅವಳಿಗೆ ಯಾವತ್ತೂ ಇರಲಿಲ್ಲ. “ಅಕ್ಕನಿಗೂ ನಿಮಗೂ ಕೆಲಸ ಇಲ್ಲ” ಅಂತ ನಗುತ್ತಿದ್ದವಳು ಈ ವರ್ಷ ತಾನಾಗಿಯೇ ಬೂಟು ಹಾಕಿಕೊಂಡು ಬಸ್ ಸ್ಟಾಂಡಿಗೆ ಬಂದು ನಿಂತಿದ್ದಳು. ಯಾಕೆ ಬಂದಳು? ಅವನನ್ನು ಕಾಯುವುದಕ್ಕೋ, ಹಿಡಿಯುವುದಕ್ಕೋ? ಚಳಿಗಾಲವಿಡೀ ಅವಳು ಆಗಾಗ ಅಂಗಡಿಗೆ ಬಂದಿದ್ದಾಳೆ. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು, ಎದುರಿನ ಗೋಡೆಯ ಅಕ್ಷರಗಳ ಬೋರ್ಡನ್ನು ಮೇಲಿನಿಂದ ಕೆಳಗೆ ನೋಡಿ, ಊಟ ಆಯ್ತಾ, ನಿದ್ದೆ ಬರುತ್ತಾ ಅಂತ ಕೇಳಿ, ಏಳುವಾಗ ಪ್ರತಿ ಸಲವೂ ಬಾಗಿಲ ಹತ್ತಿರ ನಿಂತು, “ಇನ್ನೇನಾದ್ರೂ ಇದೆಯಾ ಭಾವ?” ಅನ್ನುತ್ತಿದ್ದಳು. “ಏನಿಲ್ಲ” ಅನ್ನುತ್ತಿದ್ದ ಅವನು. ಅವಳ ಮುಖ ಗಂಟಾಗುತ್ತಿತ್ತು. ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು, ಗಂಟೆ ಹೊಡೆದಿರಬೇಕು. ಇವಳಿಗೆ ನನ್ನ ಮೇಲೆ ಏನೋ ಇದೆ ಅಂದುಕೊಂಡು ಅವನು ಸಂಜೆಯ ತನಕ ಒಂದೇ ಕನ್ನಡಕದ ಗಾಜನ್ನು ಒರೆಸುತ್ತಿದ್ದ.

ಟೀಗೆ ಸಕ್ಕರೆ ಜಾಸ್ತಿಯಾಗಿತ್ತು. ಅವನು ಲೋಟ ಹಿಡಿದು ಹುಲ್ಲಿನ ಮೇಲೆ ಕಣ್ಣಾಡಿಸಿದ. ಆಕಾಶದಲ್ಲಿ ಬಾನಾಡಿ, ಹಾರುತ್ತಲೇ ಹಾಡುವ ಆ ನೆಲಗುಬ್ಬಿ, ಇದ್ದಿರಲೇಬೇಕು, ಇಂಥ ಬಿಸಿಲಿನಲ್ಲಿ ಅದು ಸುಮ್ಮನಿರುವ ಜಾತಿಯಲ್ಲ. ಬೇಕರಿಯವನು ಕತ್ತೆತ್ತಿ, ಬಾಯಿ ಮುಚ್ಚಿಕೊಂಡು, ಮಗುವಿನ ಹಾಗೆ ಕಾಯುತ್ತಿದ್ದ. ಮ್ಯಾನೇಜರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೊಂಡ ಭಾರೀ ಟೆಲಿಸ್ಕೋಪನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ ಓರೆಗಣ್ಣಿನಲ್ಲಿ ಅವನನ್ನೇ ನೋಡುತ್ತಿದ್ದರು. ಎಲ್ಲರೂ ಹೀಗೆ ಅವನ ಬಾಯಿ ನೋಡುವುದು ಹೊಸದೇನಲ್ಲ, ಅದು ಗುಂಪಿನ ನಿಯಮ. ಹಕ್ಕಿ ಕೂಗಿದರೆ ಯಾರೂ ಹೆಸರು ಒದರಬಾರದು. ಕನ್ನಡಕದವರು ಹೇಳುವ ತನಕ ಬಾಯಿಗೆ ಬೀಗ. ಮಾಡಿದ್ದು ಅವನ ಹೆಂಡತಿ. ಎಷ್ಟೋ ವರ್ಷಗಳ ಹಿಂದೆ ಇದೇ ಗೋಡೆಯ ಹತ್ತಿರ ಸೊಂಟಕ್ಕೆ ಕೈ ಇಟ್ಟುಕೊಂಡು, “ಎಲ್ಲರೂ ಒಟ್ಟಿಗೆ ಕಿರುಚೋಕೆ ಇದೇನು ಸಂತೇನಾ? ಇವರು ಹೇಳ್ಲಿ, ಆಮೇಲೆ ನೀವು. ಬಾಯಿ ಬಿಟ್ಟವರಿಗೆ ಬಿಸ್ಕತ್ತಿಲ್ಲ,” ಅಂದಿದ್ದಳು. ಅವನಿಗೆ ಆಗ ನಾಚಿಕೆಯಾಗಿತ್ತು. ಒಳಗೊಳಗೆ ಹಿಗ್ಗೂ ಆಗಿತ್ತು, ಸುಳ್ಳೇಕೆ? ಗಂಡನಿಗೆ ಹೆಂಡತಿ ನಾಲ್ಕು ಜನರ ಎದುರು ಕೊಡುವ ಮರ್ಯಾದೆ ಅದು ಅಂದುಕೊಂಡಿದ್ದ.

ಎರಡು ಸಲ ಒತ್ತಿತು. ಬಲಕ್ಕೆ. ಅವನ ಕೈಯ ಲೋಟದಿಂದ ಟೀ ತುಳುಕಿ ಹೆಬ್ಬೆರಳಿನ ಮೇಲೆ ಬಿತ್ತು. ಅಂಗಿಯ ಬಟ್ಟೆ ಮೊಣಕೈಯ ಬಳಿ ಚರ್ಮಕ್ಕೆ ತಾಗಿದ್ದು ನಿಜ, ಬೆರಳಿನ ಬಿಸುಪೂ ನಿಜ. ಅವಳ ಬೆರಳುಗಳು ಯಾವಾಗಲೂ ಬೆಚ್ಚಗಿರುತ್ತಿದ್ದವು, ಆಸ್ಪತ್ರೆಯಲ್ಲಿ ಕೂಡ, ಕೊನೆಯ ತನಕ. ಬಲಕ್ಕೆ ಮೇಲೆ ನೋಡಿದ. ನೀಲಿಯಲ್ಲಿ ಒಂದು ಚುಕ್ಕಿ ನಡುಗುತ್ತಿತ್ತು. “ಬಾನಾಡಿ,” ಅಂದ. ಬೇಕರಿಯವನು ತಡೆದುಕೊಂಡಿದ್ದ ಉಸಿರನ್ನು ಬಿಟ್ಟು, “ಅಬ್ಬಾ, ಏನು ಹಾಡು!” ಅಂದ. ನರ್ಸಮ್ಮ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಅವನನ್ನೂ ಬೇಕರಿಯವನನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಅವಳು ಈ ಊರಿನ ಆಸ್ಪತ್ರೆಗೆ ವರ್ಗವಾಗಿ ಬಂದದ್ದೇ ಮೊನ್ನೆ ಮೊನ್ನೆ, ಎಲ್ಲ ಮುಗಿದ ಮೇಲೆ. ಗಟ್ಟಿ ಗಂಟಲಿನ, ಗಟ್ಟಿ ಹೆಜ್ಜೆಯ ಹೆಂಗಸು. “ಇದು ಆಗಲೇ—” ಅಂತ ಬಾಯಿ ತೆರೆದವಳನ್ನು ಬೇಕರಿಯವನು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡುಹೋದ. ಅಲ್ಲಿ ಏನು ಪಿಸುಗುಟ್ಟಿದನೋ. ನಿಯಮ ಹೇಳಿಕೊಡುತ್ತಿರಬೇಕು ಅಂದುಕೊಂಡ ಅವನು. ಹೊಸಬರಿಗೆ ಮೊದಲು ಕಷ್ಟವಾಗುತ್ತದೆ.

ಪೈನ್ ಕಾಡಿನೊಳಗೆ ಬೆಳಕು ಕಮ್ಮಿ. ಬಿದ್ದ ಎಲೆಸೂಜಿಗಳ ಮೇಲೆ ಕಾಲಿಟ್ಟರೆ ಮೆತ್ತೆಯ ಮೇಲೆ ನಡೆದಂತೆ. ಇಲ್ಲಿ ಎಲ್ಲರಿಗೂ ತಮ್ಮ ಹೆಜ್ಜೆ ಕೇಳಿಸುವುದಿಲ್ಲ, ಇಲ್ಲಿ ಎಲ್ಲರೂ ತನ್ನ ಹಾಗೆಯೇ ಅನ್ನಿಸಿ ಅವನಿಗೆ ಸ್ವಲ್ಪ ಹಗುರವಾಯಿತು. ಸಾಲಾಗಿ ನಡೆದರು. ಅವನು ಮುಂದೆ, ನಾದಿನಿ ಎಲ್ಲರಿಗಿಂತ ಹಿಂದೆ. ಎಡಗಡೆ ಹೆಂಡತಿ ನಡೆಯುತ್ತಿದ್ದಾಳೆ. ಹಾಗಂದುಕೊಳ್ಳಬಾರದು ಅಂದುಕೊಂಡಷ್ಟೂ ನಡೆಯುತ್ತಿದ್ದಾಳೆ, ಆ ಹಳೆಯ ಹಸಿರು ಕೋಟು, ಒಂದು ಕಾಲು ತುಸು ಎಳೆಯುವ ನಡಿಗೆ, ಬಾಯಲ್ಲಿ ಸದಾ ಒಂದು ಲವಂಗ. ಅವರಿಬ್ಬರೂ ಈ ಮುಟ್ಟುವುದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ಅದು ಶುರುವಾದದ್ದು ಹೇಗೋ ಹಾಗೆ ನಡೆದುಕೊಂಡು ಬಂತು. ಮೊದಲ ಸಲ ಅವಳು ಮೊಣಕೈ ಒತ್ತಿದಾಗ, ಹಕ್ಕಿಯ ಖುಷಿಗೆ ಒತ್ತಿದಳು ಅಂದುಕೊಂಡಿದ್ದ. ಎರಡನೆಯ ಸಲ ಹಾಗಂದುಕೊಳ್ಳಲು ಪ್ರಯತ್ನಪಟ್ಟ. ಆಮೇಲೆ ಪ್ರಯತ್ನವನ್ನೂ ಬಿಟ್ಟ. ದಿಕ್ಕು ಒಂದು ಗೊತ್ತಾದರೆ ಸಾಕು, ಮಿಕ್ಕದ್ದನ್ನು ಕಣ್ಣು ನೋಡಿಕೊಳ್ಳುತ್ತಿತ್ತು. ಕಣ್ಣು ಅವನ ಕಸುಬು. ಜನ ಹೊಗಳಿದರು, ಅವನು ಹೊಗಳಿಸಿಕೊಂಡ, ಅವಳು ಪಕ್ಕದಲ್ಲಿ ನಿಂತು ಬಿಸ್ಕತ್ತು ಹಂಚಿದಳು. ಒಂದು ವರ್ಷ ಮ್ಯಾನೇಜರು, “ನಿಮಗೂ ಸ್ವಲ್ಪ ಕಲಿಸಿದ್ದಾರಾ ಯಜಮಾನರು?” ಅಂತ ಅವಳನ್ನು ತಮಾಷೆ ಮಾಡಿದಾಗ, “ಅಯ್ಯೋ, ನನಗೆಲ್ಲಿ ತಲೆಗೆ ಹತ್ತುತ್ತೆ,” ಅಂದಿದ್ದಳು. ಅವನು ಅಲ್ಲೇ ನಿಂತಿದ್ದ. ನಕ್ಕಿದ್ದ. ಆ ನಗು ನೆನಪಾದಾಗಲೆಲ್ಲ ಅವನಿಗೆ ತನ್ನ ಮುಖಕ್ಕೆ ತಾನೇ ಬಾರಿಸಬೇಕು ಅನ್ನಿಸುತ್ತದೆ.

ಮತ್ತು ಆ ಯಂತ್ರ. ಒಂದು ಸಂಜೆ ಊಟದ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇತ್ತು, ಒಳಗೆ ಮೈಬಣ್ಣದ ಎರಡು ಕಿವಿಯಂತ್ರ. ಅವಳು ಸಾರಿಗೆ ಉಪ್ಪು ಹಾಕುತ್ತಿದ್ದಳು, ತಿರುಗಲಿಲ್ಲ. ಅವನು ಡಬ್ಬಿ ಮುಚ್ಚಿ, ಮರುದಿನ ಅಂಗಡಿಗೆ ಒಯ್ದು, ಮುರಿದ ಫ್ರೇಮುಗಳನ್ನು ಹಾಕುವ ಡ್ರಾಯರಿನಲ್ಲಿ ತಳ್ಳಿದ. ಆ ದಿನವೇ ಒಬ್ಬ ಗಿರಾಕಿ, ವಯಸ್ಸಾದವರು, ಕನ್ನಡಕ ಬೇಡ ಅಂತ ಹಟ ಹಿಡಿದಾಗ, “ಇದರಲ್ಲಿ ನಾಚಿಕೆ ಏನ್ರಿ? ವಯಸ್ಸಾದ್ರೆ ಎಲ್ಲರಿಗೂ ಆಗೋದೇ. ಹಟ ಮಾಡಿ ಎಡವಿ ಬಿದ್ರೆ ಮನೆಯವರಿಗಲ್ವಾ ತೊಂದ್ರೆ?” ಅಂತ ಬೈದಿದ್ದ. ಡ್ರಾಯರು ಅವನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಅವಳು ಆ ಡಬ್ಬಿಯ ಬಗ್ಗೆ ಆಮೇಲೆ ಒಂದು ಮಾತೂ ಎತ್ತಲಿಲ್ಲ. ಮುಂದಿನ ವಸಂತಕ್ಕೆ ಮತ್ತೆ ಮೊಣಕೈ ಒತ್ತಿದಳು, ಅಷ್ಟೇ, ಮೊದಲಿಗಿಂತ ತುಸು ಜೋರಾಗಿ.

ಒತ್ತಿತು. ಎರಡು ಸಲ. ಕಾಡಿನ ಬಲಗಡೆ ಒಣಗಿದ ಬೊಡ್ಡೆ, ಅದರಲ್ಲಿ ತೂತುಗಳು. ಹಕ್ಕಿ ಕಾಣಲಿಲ್ಲ, ಆದರೆ ಅಂಥ ಬೊಡ್ಡೆಯಲ್ಲಿ ಇನ್ನಾರಿರುತ್ತಾರೆ? “ಮರಕುಟಿಗ,” ಅಂದ. “ಹೌದು ಹೌದು,” ಅಂದರು ಮ್ಯಾನೇಜರು, ಒಂದು ಕ್ಷಣ ತಡವಾಗಿ. ಅವನು ತಿರುಗಿದಾಗ ನರ್ಸಮ್ಮ ಎಡಗಡೆಯ ಎತ್ತರದ ಕೊಂಬೆಗಳನ್ನು ನೋಡುತ್ತ ನಿಂತಿದ್ದಳು. ಬೇಕರಿಯವನೂ ಅತ್ತಲೇ ನೋಡುತ್ತಿದ್ದ, ಇವನು ತಿರುಗಿದ್ದೇ ತಡ ಕತ್ತು ಬಲಕ್ಕೆ ಹೊರಳಿಸಿ ಬೊಡ್ಡೆಯನ್ನು ದಿಟ್ಟಿಸತೊಡಗಿದ. ಹೆಂಡತಿ ತಪ್ಪು ಹೇಳುವವಳಲ್ಲ. ಇಷ್ಟು ವರ್ಷ ಒಂದು ಸಲವಾದರೂ ತಪ್ಪಿದ್ದಾಳಾ? ಹಾಗಾದರೆ ಒತ್ತಿದ್ದು ಯಾರು? ಅವನು ಬಲಗೈಯಿಂದ ಎಡ ಮೊಣಕೈಯನ್ನು ಹಿಡಿದುಕೊಂಡ, ಗಾಯವಾದವರು ಹಿಡಿದುಕೊಳ್ಳುವ ಹಾಗೆ. ಅಲ್ಲಿ ಮೂಳೆ ಇತ್ತು, ಬಟ್ಟೆ ಇತ್ತು. ಹಿಂದಿನಿಂದ ನಾದಿನಿ ನೋಡುತ್ತಿದ್ದಾಳೆಂದು ಕತ್ತಿನ ಹಿಂಭಾಗಕ್ಕೆ ಗೊತ್ತಾಯಿತು. ಕೈ ಬಿಟ್ಟ.

ಆಸ್ಪತ್ರೆಯ ಆ ಕೋಣೆಯಲ್ಲೂ ನಾದಿನಿ ಹೀಗೆಯೇ ನೋಡುತ್ತ ನಿಂತಿದ್ದಳು, ಮಂಚದ ಆಚೆ ಬದಿಗೆ. ಮಂಚದ ತಲೆಯ ಬಳಿ ಆಮ್ಲಜನಕದ ಸಿಲಿಂಡರು, ಕಿಟಕಿಗೆ ಹಾಲುಗಾಜು. ಹೆಂಡತಿ ಮುಖದ ಮೇಲಿನ ಮಾಸ್ಕನ್ನು ತಾನೇ ಪಕ್ಕಕ್ಕೆ ಸರಿಸಿ, ಅವನ ಕೈ ಹಿಡಿದು, ಏನೋ ಹೇಳಿದಳು. ತುಟಿಗಳು ಒಣಗಿ ಬಿರಿದಿದ್ದವು, ಅಲುಗಿದ್ದೇ ಹೆಚ್ಚು. ತುಟಿ ನೋಡಿ ಮಾತು ಹಿಡಿಯುವ ಅವನ ಅಷ್ಟು ವರ್ಷದ ಜಾಣತನ ಅಲ್ಲಿ ಕೆಲಸ ಮಾಡಲಿಲ್ಲ. ಒಂದು ಮಾತಲ್ಲ, ಸುಮಾರು ಹೊತ್ತು ಹೇಳಿದಳು. ಕೊನೆಗೆ ನಿಲ್ಲಿಸಿ, ಉತ್ತರಕ್ಕೆ ಕಾಯುವವಳ ಹಾಗೆ ಅವನ ಮುಖ ನೋಡಿದಳು. ‘ಇನ್ನೊಂದ್ಸಲ ಹೇಳು’ ಅನ್ನಬಹುದಿತ್ತು. ‘ಕೇಳಿಸ್ಲಿಲ್ಲ ಕಣೇ’ ಅನ್ನಬಹುದಿತ್ತು. ಮಂಚದ ಆಚೆ ಅವಳ ತಂಗಿ ನಿಂತಿದ್ದಳು. ಅವನು “ಹೂಂ” ಅಂದ. ಗಿರಾಕಿಗಳಿಗೆ ಅನ್ನುವ ಹೂಂ, ಮ್ಯಾನೇಜರಿಗೆ ಅನ್ನುವ ಹೂಂ, ತಲೆಯನ್ನು ತುಸು ಬಗ್ಗಿಸಿ, ಎಲ್ಲ ಅರ್ಥವಾಯಿತು ಅನ್ನುವ ಹಾಗೆ. ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು, ತಂಗಿಯ ಕಡೆಗೆ ತಿರುಗಿ ಎರಡು ಮಾತು ಅಂದಳು, ನಕ್ಕಳು. ಮರುದಿನ ಬೆಳಿಗ್ಗೆ ಅವಳಿರಲಿಲ್ಲ.

ಆ ನಗುವಿನ ಮೇಲೆ ಅವನು ಚಳಿಗಾಲ ಕಳೆದ. ಅವಳು ನಕ್ಕಳಲ್ಲ, ಅಂದರೆ ತಾನು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ನೀರು ಬೇಕಾ ಅಂತಲ್ಲ, ಗ್ಯಾಸು ಆರಿಸಿದಿರಾ ಅಂತಲ್ಲ, ಅದೆಲ್ಲ ಅಷ್ಟು ಉದ್ದ ಆಗುವುದಿಲ್ಲ. ನನ್ನ ಜೊತೆ ಸುಖವಾಗಿದ್ರಾ ಅಂತ ಕೇಳಿದಳೇನೋ. ಅದಕ್ಕೆ ಹೂಂ ಸರಿ. ಕ್ಷಮಿಸಿದಿರಾ, ಅಥವಾ ಕ್ಷಮಿಸಲಾ. ಅದಕ್ಕೂ ಸರಿ. ಆದರೆ ಕೆಲವು ಬೆಳಗಿನ ಜಾವ, ಕೆಟಲ್ಲಿನಿಂದ ಹಬೆ ಸದ್ದಿಲ್ಲದೆ ಏಳುವುದನ್ನು ನೋಡುತ್ತ ನಿಂತಾಗ, ಇನ್ನೊಂದು ಪ್ರಶ್ನೆ ತಾನಾಗಿ ಬಂದು ಎದುರು ಕೂರುತ್ತಿತ್ತು. ನಾನು ಉಳಿಯಲ್ಲ ಅಲ್ವಾ? ಅದಕ್ಕೆ ಅವನು ಹೂಂ ಅಂದಿದ್ದರೆ? ಅಂಥ ಮಾತಿಗೂ ಜನ ನಗುತ್ತಾರೆ, ಬೇರೆ ಏನು ಮಾಡುತ್ತಾರೆ? ಸತ್ಯ ಗೊತ್ತಿದ್ದವಳು ಪ್ರಪಂಚದಲ್ಲಿ ಒಬ್ಬಳೇ, ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತಿದ್ದಾಳೆ. ಒಂದು ಮಾತು ಕೇಳಿದರೆ ಮುಗಿಯಿತು. ಆದರೆ ಕೇಳಿದರೆ, ಸಾಯುತ್ತಿದ್ದ ಹೆಂಡತಿ ಕೈ ಹಿಡಿದು ಹೇಳಿದ ಕೊನೆಯ ಮಾತು ನನಗೆ ಕೇಳಿಸಲೇ ಇಲ್ಲ, ನಾನು ನಾಟಕ ಆಡಿದೆ ಅಂತ ಒಪ್ಪಿಕೊಂಡ ಹಾಗಾಯಿತು. ಅದಕ್ಕಿಂತ ಗೊತ್ತಿಲ್ಲದೆ ಸಾಯುವುದು ವಾಸಿ ಅಂತ ಕೆಲವು ದಿನ ಅನ್ನಿಸುತ್ತಿತ್ತು. ಮಿಕ್ಕ ದಿನ ಹಾಗನ್ನಿಸುತ್ತಿರಲಿಲ್ಲ.

ಕಾಡು ಮುಗಿದು ಜೌಗು ಶುರುವಾಯಿತು. ಕಪ್ಪು ನೀರಿನ ಗುಂಡಿಗಳ ನಡುವೆ ಹುಲ್ಲಿನ ದಿಬ್ಬದಿಂದ ದಿಬ್ಬಕ್ಕೆ ಕಾಲಿಡಬೇಕು. ಮ್ಯಾನೇಜರು ಟೆಲಿಸ್ಕೋಪನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡು ದಾಟಿದರು. ಬೇಕರಿಯವನ ಒಂದು ಬೂಟು ಕೆಸರಿನಲ್ಲಿ ಹೂತು, ಕಾಲು ಮಾತ್ರ ಬಂತು. ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, “ಹಿಟ್ಟು ನಾದಿ ನಾದಿ ಕಾಲಲ್ಲೂ ನಾದ್ತಿದೀರಲ್ಲ!” ಎಲ್ಲರೂ ನಗುವುದು ಕಂಡು ಅವನೂ ನಕ್ಕ, ಮಾತು ಅವನಿಗೆ ಅರ್ಧ ತಲುಪಿತ್ತು, ಗಟ್ಟಿ ಗಂಟಲಾದ್ದರಿಂದ. ಟಿಟ್ಟಿಭವೊಂದು ಎದ್ದು ತಲೆಯ ಮೇಲೆ ಸುತ್ತಿತು. ಅದರ ಕೂಗು ಅವನಿಗೆ ಕೇಳಿಸಿತು! ಆ ಒರಟು ದನಿ, ಇನ್ನೂ ಅದೊಂದು ಉಳಿದಿದೆ. ಕಣ್ಣು ತುಂಬಿ ಬಂತು. ಯಾರೂ ಮುಟ್ಟದೆ, ಯಾರೂ ತೋರಿಸದೆ ತಾನೇ ಕೇಳಿದ್ದನ್ನು ತಾನೇ ಹೇಳಿದ, “ಟಿಟ್ಟಿಭ.” “ಹೌದು ಹೌದು,” ಅಂದರು ಮ್ಯಾನೇಜರು, ಅದೇ ಸ್ವರದಲ್ಲಿ, ಸಿಪಿಲೆಗೆ ಅಂದ ಹಾಗೆ, ಮರಕುಟಿಗನಿಗೆ ಅಂದ ಹಾಗೆ. ನಿಜಕ್ಕೂ ಸುಳ್ಳಿಗೂ ಒಂದೇ ಹೌದು. ಅದು ಅವನ ಮನಸ್ಸಿಗೆ ಯಾಕೋ ಚುಚ್ಚಿತು.

ಗುಡ್ಡದ ತುದಿಯಲ್ಲಿ ಗಾಳಿ ಇತ್ತು. ಗಾಳಿಯನ್ನು ಅವನು ಕೆನ್ನೆಯಿಂದ ಕೇಳುತ್ತಾನೆ. ಕೆಳಗೆ ತಾವು ನಡೆದುಬಂದದ್ದೆಲ್ಲ ಹಾಸಿಕೊಂಡಿತ್ತು, ತೊರೆ, ಗೋಡೆಗಳು, ಕಾಡಿನ ಕಪ್ಪು, ಜೌಗಿನ ಹೊಳಪು, ದೂರದಲ್ಲಿ ಬಸ್ಸು ನಿಂತ ಜಾಗ. ಎಲ್ಲರೂ ಅಭ್ಯಾಸದ ಪ್ರಕಾರ ಅರ್ಧಚಂದ್ರಾಕಾರವಾಗಿ ನಿಂತರು, ಅವನು ನಡುವೆ. ಮಾತು ನಿಂತಿತು. ಸೂಜಿಹಕ್ಕಿಯ ಹೊತ್ತು. ಅವನು ಕಣ್ಣು ಮುಚ್ಚಿದ. ಪ್ರತಿ ವರ್ಷ ಮುಚ್ಚುತ್ತಿದ್ದ, ಅದು ಅವನ ಒಂದು ಶೈಲಿ, ಮುಚ್ಚಿದರೆ ಮುಟ್ಟಿದ್ದು ಚೆನ್ನಾಗಿ ಗೊತ್ತಾಗುತ್ತಿತ್ತು. ಎಡ ಮೊಣಕೈಯನ್ನು ಮೈಯಿಂದ ತುಸು ದೂರ ಇಟ್ಟ, ಹಿಡಿಯುವವರಿಗೆ ಅನುಕೂಲವಾಗುವ ಹಾಗೆ. ಕಾದ. ಬಾ, ಅಂದ ಮನಸ್ಸಿನಲ್ಲಿ. ಗಾಳಿ ತೋಳನ್ನು ಅಲುಗಿಸಿತು, ಅದು ಗಾಳಿ, ಅಷ್ಟು ಗೊತ್ತಾಗುತ್ತದೆ. ಕಾದ. ತೊರೆಯಲ್ಲಿ ಬಂದಳು, ಹುಲ್ಲಿನಲ್ಲಿ ಬಂದಳು, ಕಾಡಿನಲ್ಲಿ ಬಂದು ತಪ್ಪಾದರೂ ಹೇಳಿದಳು. ಇಲ್ಲಿ, ಅವಳದೇ ಹಕ್ಕಿಯ ಜಾಗದಲ್ಲಿ, ಯಾಕೆ ಬರುವುದಿಲ್ಲ? ಒಂದು ಸಲ ಕಣೇ, ಇದೊಂದೇ ಸಲ. ಮೊಣಕೈ ಖಾಲಿಯಾಗಿತ್ತು. ಹಾಗೆ ಖಾಲಿಯಾಗಿದ್ದದ್ದು ಇಷ್ಟು ತಿಂಗಳಲ್ಲಿ ಇದೇ ಮೊದಲು ಅನ್ನಿಸಿ ಅವನಿಗೆ ಹೆದರಿಕೆಯಾಯಿತು. ಕಣ್ಣು ತೆರೆದ. ಬೇಕರಿಯವನು ಒದ್ದೆ ಕಾಲುಚೀಲದ ಮೇಲೆ ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದ. ಮ್ಯಾನೇಜರ ಬಾಯಲ್ಲಿ ‘ಹೌದು ಹೌದು’ ಸಿದ್ಧವಾಗಿತ್ತು, ಕಾಣುತ್ತಿತ್ತು. ಸುಮ್ಮನೆ ‘ಇದೆ’ ಅಂದುಬಿಟ್ಟರೆ ಎಲ್ಲರೂ ಇದೆ ಅನ್ನುತ್ತಾರೆ, ಇಳಿದು ಮನೆಗೆ ಹೋಗಬಹುದು. ‘ಇಲ್ಲ’ ಅಂದರೂ ಸರಿಯೇ, ಹಕ್ಕಿ ಈ ವರ್ಷ ತಡ ಅನ್ನುತ್ತಾರೆ. ಎರಡೂ ನಾಲಿಗೆಯ ತುದಿಯಲ್ಲಿದ್ದವು.

“ನನಗೆ ಕೇಳಿಸ್ತಿಲ್ಲ,” ಅಂದ.

ತನ್ನ ದನಿ ಎಷ್ಟು ಗಟ್ಟಿಯಾಗಿತ್ತೋ ಅವನಿಗೆ ಗೊತ್ತಾಗಲಿಲ್ಲ. ಮತ್ತೆ ಅಂದ, “ಸೂಜಿ ಕೂಗ್ತಿದೆಯೋ ಇಲ್ವೋ ನನಗೆ ಗೊತ್ತಿಲ್ಲ. ತುಂಬ ವರ್ಷದಿಂದ ಗೊತ್ತಿಲ್ಲ. ನಿಮಗೆ ಯಾರಿಗಾದ್ರೂ ಕೇಳಿಸ್ತಿದ್ರೆ ಹೇಳಿ.” ಮ್ಯಾನೇಜರು ಟೆಲಿಸ್ಕೋಪಿನ ತಿರುಪನ್ನು ಸುಮ್ಮಸುಮ್ಮನೆ ತಿರುಗಿಸಿದರು. ಬೇಕರಿಯವನು ನೆಲ ನೋಡಿದ. ಕೊನೆಗೆ ನರ್ಸಮ್ಮ, ಎದುರಿಗೆ ಬಂದು ನಿಂತು, ಕಿವಿ ಕೇಳದವರ ಜೊತೆ ಮಾತಾಡಲು ಗೊತ್ತಿರುವವರ ಹಾಗೆ ತುಟಿಯನ್ನು ಅಗಲಿಸಿ ಹೇಳಿದಳು, “ಆಗ್ಲಿಂದ ಕೂಗ್ತಾನೇ ಇದೆಯಲ್ಲ ಸಾರ್. ಜೌಗು ದಾಟಿದಾಗಿಂದ. ಇವರೆಲ್ಲ ನೀವು ಹೇಳ್ಲಿ ಅಂತ ಕಾಯ್ತಿದಾರೆ.”

ಕಾಯ್ತಿದಾರೆ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾವ ಮುಖದಲ್ಲೂ ಆಶ್ಚರ್ಯ ಇರಲಿಲ್ಲ, ಅದೇ ಎಲ್ಲಕ್ಕಿಂತ ಭಯಂಕರವಾಗಿತ್ತು. ಬೇಕರಿಯವನ ಕಣ್ಣಲ್ಲಿ ನೀರಿತ್ತು. “ಬೇಜಾರು ಮಾಡ್ಕೋಬೇಡಿ,” ಅಂದ ಅವನು, “ನಿಮ್ಮನೆ ಅಮ್ಮಾವ್ರು ಹಾಗೆ ಹೇಳಿದ್ರು. ಅವರು ಹೇಳೋ ತನಕ ಬಾಯಿ ಬಿಡಬೇಡಿ, ಅವರಿಗೆ ನೋವಾಗುತ್ತೆ ಅಂತ.” ಬಾಯಿ ಬಿಟ್ಟವರಿಗೆ ಬಿಸ್ಕತ್ತಿಲ್ಲ. ಹಾಗಾದರೆ ಅದು ಮರ್ಯಾದೆಯಲ್ಲ, ಮುಚ್ಚುಮರೆ. ಅಷ್ಟು ವರ್ಷ ಇವರೆಲ್ಲ ಬಾನಾಡಿಯನ್ನು, ಮರಕುಟಿಗನನ್ನು, ಸೂಜಿಯನ್ನು ಮೊದಲೇ ಕೇಳಿ, ಬಾಯಲ್ಲಿ ತುಂಬಿಕೊಂಡು, ಒಬ್ಬ ಕಿವುಡ ಹೆಸರು ಹೇಳಲಿ ಅಂತ ನಿಂತಿದ್ದರು. ಅವನು ಒಂದು ಕಲ್ಲಿನ ಮೇಲೆ ಕೂತ. ಸಿಟ್ಟು ಬಂತು, ಅವಳ ಮೇಲೆ, ಎಲ್ಲರ ಮೇಲೆ. ಬೆತ್ತಲೆ ನಿಂತವನಿಗೆ ಎಲ್ಲರೂ ಸೇರಿ ಕಣ್ಣು ಮುಚ್ಚಿಕೊಂಡು ಉಪಕಾರ ಮಾಡಿದ ಹಾಗೆ ಇತ್ತು. ಆಮೇಲೆ ಸಿಟ್ಟು ಹೋಯಿತು, ಹಿಡಿದು ನಿಲ್ಲಿಸಲು ಅದಕ್ಕೆ ಒಳಗೆ ಏನೂ ಉಳಿದಿರಲಿಲ್ಲ.

ನಾದಿನಿ ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಬಲಗಡೆ. ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಟೀ ಖಾಲಿಯಾಗಿತ್ತು, ಮತ್ತೆ ಮುಚ್ಚಿದಳು. ಮಿಕ್ಕವರು ದೂರ ಸರಿದು ಟೆಲಿಸ್ಕೋಪಿನ ಸುತ್ತ ನಿಂತರು. ಇನ್ನು ಕಳೆದುಕೊಳ್ಳಲು ಇದ್ದದ್ದು ಒಂದೇ, ಅದು ಇವಳ ಕೈಯಲ್ಲಿದೆ ಅನ್ನಿಸಿತು. ನಾಲ್ಕು ಜನರ ಎದುರು ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಇದು ಕಷ್ಟವಾಗಿತ್ತು. “ಆವತ್ತು,” ಅಂದ, “ಆಸ್ಪತ್ರೇಲಿ. ನಿನ್ನ ಅಕ್ಕ ನನ್ನ ಕೈ ಹಿಡ್ಕೊಂಡು ಏನೋ ಅಂದ್ಲಲ್ಲ. ನನಗೆ ಕೇಳಿಸ್ಲಿಲ್ಲ ಕಣಮ್ಮ. ಸುಮ್ನೆ ಹೂಂ ಅಂದೆ.”

ನಾದಿನಿ ಕಣ್ಣು ಮುಚ್ಚಿ ತೆರೆದಳು. “ಇಷ್ಟು ದಿನ ಬೇಕಾಯ್ತಾ ಭಾವ?” ಅಂದಳು. “ಎಷ್ಟು ಸಲ ಬಂದು ಅಂಗಡೀಲಿ ಕೂತೆ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ. ನಾನಾಗಿ ಹೇಳೋಕೆ ನನಗೇನು ಹಕ್ಕು? ಅದು ನಿಮಗೆ ಹೇಳಿದ್ದು.”

“ಏನಂದ್ಲು?”

ಅವಳು ಅವನ ಕಡೆಗೆ ಪೂರ್ತಿ ತಿರುಗಿ, ಮುಖ ಕಾಣುವ ಹಾಗೆ ಕೂತು, ಒಂದೊಂದೇ ಮಾತನ್ನು ಗಟ್ಟಿಯಾಗಿ ಹೇಳಿದಳು. ಟೆಲಿಸ್ಕೋಪಿನ ಸುತ್ತ ಇದ್ದವರಿಗೂ ಕೇಳಿಸಿರಬೇಕು. “‘ಇನ್ನು ನನ್ನ ಕೈಲಿ ಮುಟ್ಟೋಕಾಗಲ್ಲ. ಈ ಸಲ ಗುಡ್ಡದ ಮೇಲೆ ನೀವೇ ಬಾಯಿಬಿಟ್ಟು ಹೇಳಿಬಿಡಿ, ಕೇಳಿಸಲ್ಲ ಅಂತ. ಅವರಿಗೆಲ್ಲ ಗೊತ್ತಿದೆ. ಯಾರೂ ನಗಲ್ಲ. ಹೇಳ್ತೀರಾ?’ ಅಂದ್ಲು.”

“ನಾನು ಹೂಂ ಅಂದೆ.”

“ಹೂಂ ಅಂದ್ರಿ.”

“ಆಮೇಲೆ ನಿನ್ನ ಕಡೆ ತಿರುಗಿ ನಕ್ಕಳಲ್ಲ. ನಿನಗೇನಂದ್ಲು?”

ಅವಳು ಹೇಳಲೋ ಬೇಡವೋ ಅನ್ನುವ ಹಾಗೆ ನೋಡಿದಳು. ತುಟಿ ಕಚ್ಚಿಕೊಂಡಳು, ಅಕ್ಕನ ಹಾಗೆಯೇ. “‘ನೋಡೇ, ಇದೂ ಇವರಿಗೆ ಕೇಳಿಸ್ಲಿಲ್ಲ’ ಅಂದ್ಲು.”

ಚಳಿಗಾಲವಿಡೀ ಅವನು ಎದೆಗೆ ಒತ್ತಿಕೊಂಡು ಮಲಗಿದ್ದ ನಗು ಅದು. ಅವನು ನಗಲು ಹೋದ, ಬಾಯಿಂದ ಬೇರೇನೋ ಬಂತು. ನಾದಿನಿ ಅವನ ಬೆನ್ನ ಮೇಲೆ ಕೈ ಇಟ್ಟಳು. ಮೊಣಕೈ ಮುಟ್ಟಲಿಲ್ಲ, ಅದನ್ನು ಅವಳು ಬೇಕೆಂದೇ ಬಿಟ್ಟಳೇನೋ. ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು ಎದ್ದು, ಮಿಕ್ಕವರ ಕಡೆಗೆ ಹೋಗಿ ನಿಂತ. “ಯಾವ ಕಡೆ?” ಅಂತ ಕೇಳಿದ. ಎಲ್ಲರ ಕೈಗಳೂ ಒಟ್ಟಿಗೆ ಎದ್ದು ಎಡಕ್ಕೆ ತೋರಿಸಿದವು, ಬೇಕರಿಯವನದು ಎಲ್ಲರಿಗಿಂತ ಮೊದಲು. ಅವನು ದುರ್ಬೀನು ಎತ್ತಿ ಎಡಕ್ಕೆ ತಿರುಗಿದ. ಬೆಳಗಿನಿಂದ ಆದಷ್ಟೂ ನೋಡದೆ ತಪ್ಪಿಸಿಕೊಂಡಿದ್ದ ಕಡೆ. ಅಲ್ಲಿ ಯಾರೂ ಇರಲಿಲ್ಲ. ಹುಲ್ಲು, ಕಲ್ಲು, ಒಂದು ಕಲ್ಲಿನ ಮೇಲೆ ಬೂದು ಬಣ್ಣದ ಪುಟ್ಟ ಹಕ್ಕಿ. ಅದು ಕತ್ತನ್ನು ಚಾಚಿ, ಕ್ಷಣಕ್ಕೊಮ್ಮೆ ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಗಂಟಲಿನ ಪುಕ್ಕಗಳು ನಡುಗುತ್ತಿದ್ದವು. ಒಂದು ಚೂರೂ ಸದ್ದಿಲ್ಲ. ಅವಳ ತುಟಿಗಳೂ ಹೀಗೆಯೇ ತೆರೆದು ಮುಚ್ಚಿದ್ದವು. ಅವನು ನೋಡುತ್ತಲೇ ನಿಂತ, ಹಕ್ಕಿ ಹೇಳುವುದನ್ನೆಲ್ಲ ಹೇಳಿ ಮುಗಿಸಿ ಅವನ ಕಡೆ ತಿರುಗುವ ತನಕ. ಈ ಸಲ ಹೂಂ ಅನ್ನಲಿಲ್ಲ.